ಫಿಲ್ಟರ್ ನೀರು ಕುಡಿದರೆ ರಕ್ತ ‘ಆಮ್ಲೀಯ’ ಆಗುತ್ತದೆಯೇ? ದೇಹ ತನ್ನ ಆಮ್ಲ–ಪ್ರತ್ಯಾಮ್ಲ ಸಮತೋಲನ ಕಾಯುವುದು ಹೀಗೆ

“ಆರ್‌ಒ ನೀರು ಆಮ್ಲೀಯ. ಅದನ್ನು ಕುಡಿದರೆ ರಕ್ತವೂ ಆಮ್ಲೀಯವಾಗುತ್ತದೆ. ಆಮ್ಲೀಯ ದೇಹದಲ್ಲೇ ಶುಗರ್, ಮಂಡಿನೋವು, ಕ್ಯಾನ್ಸರ್ ಬೆಳೆಯುವುದು. ಆದ್ದರಿಂದ ಕ್ಷಾರೀಯ ನೀರು ಕುಡಿಯಿರಿ, ಬೆಳಗ್ಗೆ ಖಾಲಿ ಹೊಟ್ಟೆಗೆ ಲಿಂಬೆರಸದ ಜೊತೆ ಚಿಟಿಕೆ ಸೋಡಾ ಹಾಕಿಕೊಳ್ಳಿ.” ಈ ಅರ್ಥದ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ವರ್ಷಗಳಿಂದ ಸುತ್ತುತ್ತಿವೆ. ಕೆಲವಕ್ಕೆ ‘ಆಲ್ಕಲೈನ್’ ಯಂತ್ರದ ಜಾಹೀರಾತು ಅಂಟಿಕೊಂಡಿರುತ್ತದೆ, ಕೆಲವಕ್ಕೆ ನೊಬೆಲ್ ಪ್ರಶಸ್ತಿ ಪಡೆದ ವಿಜ್ಞಾನಿಯ ಫೋಟೊ.

ಬೇರೆ ಊರಿನಲ್ಲಿ ಇದನ್ನು ಓದಿ ನಕ್ಕು ಬಿಡಬಹುದು. ಗದಗ ಜಿಲ್ಲೆಯಲ್ಲಿ ಹಾಗಲ್ಲ. ಲಕ್ಕುಂಡಿ, ಮುಂಡರಗಿ, ಶಿರಹಟ್ಟಿ ಸುತ್ತಿನ ಹಳ್ಳಿಗಳಲ್ಲಿ ಜನ ಶುದ್ಧ ನೀರಿನ ಘಟಕಕ್ಕೆ ಹೋಗಿ ಕ್ಯಾನ್ ತುಂಬಿಸಿಕೊಂಡು ಬರುವುದಕ್ಕೆ ಗಟ್ಟಿ ಕಾರಣವೊಂದಿದೆ. ‘ಫಿಲ್ಟರ್ ನೀರು ಆಸಿಡ್’ ಎಂಬ ಮಾತು ನಂಬಿ ಮತ್ತೆ ಬೋರ್ ನೀರಿಗೆ ಮರಳಿದರೆ ನಷ್ಟ ಆಗುವುದು ಮನೆಯ ಮಕ್ಕಳಿಗೆ. ಹಾಗಾಗಿ ಈ ವಿಷಯವನ್ನು ಬುಡದಿಂದ ನೋಡೋಣ.

ಚಿಕ್ಕ ಉತ್ತರ

ಕುಡಿಯುವ ನೀರಿನ ಪಿಎಚ್ ನಿಮ್ಮ ರಕ್ತದ ಪಿಎಚ್ ಅನ್ನು ಬದಲಿಸುವುದಿಲ್ಲ. ಆ ಕೆಲಸವನ್ನು ನಿಮ್ಮ ಶ್ವಾಸಕೋಶ ಮತ್ತು ಮೂತ್ರಪಿಂಡಗಳು ಹಗಲು ರಾತ್ರಿ ಮಾಡುತ್ತಿರುತ್ತವೆ. ರಕ್ತದ ಸಮತೋಲನ ನಿಜವಾಗಿ ತಪ್ಪಿದರೆ ಅದು ತುರ್ತು ಸ್ಥಿತಿ. ಆಗ ಬೇಕಾಗುವುದು ಆಸ್ಪತ್ರೆಯೇ ಹೊರತು ನೀರಿನ ಯಂತ್ರವಲ್ಲ.

ಪಿಎಚ್ ಎಂದರೇನು?

ಒಂದು ದ್ರವ ಎಷ್ಟು ಹುಳಿ, ಎಷ್ಟು ಕ್ಷಾರ ಎಂದು ಅಳೆಯುವ ಮಾಪಕ ಪಿಎಚ್. 1909ರಲ್ಲಿ ಡೆನ್ಮಾರ್ಕಿನ ರಸಾಯನ ವಿಜ್ಞಾನಿ ಸೋರೆನ್ಸನ್ ಇದನ್ನು ರೂಪಿಸಿದರು. 7 ಅಂದರೆ ತಟಸ್ಥ. ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಪ್ರತ್ಯಾಮ್ಲ ಅಥವಾ ಕ್ಷಾರ. ಇಲ್ಲಿ ಗಮನಿಸಬೇಕಾದ ಮಾತೆಂದರೆ, ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಹೆಚ್ಚಿತು ಎಂದರ್ಥ. ಎರಡು ಅಂಕಿ ಇಳಿದರೆ ನೂರು ಪಟ್ಟು.

ಆರೋಗ್ಯವಂತರ ಅಪಧಮನಿಯ ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಇರುತ್ತದೆ. ಅಂದರೆ ನಮ್ಮೆಲ್ಲರ ರಕ್ತ ಹುಟ್ಟಿನಿಂದಲೇ ತುಸು ಕ್ಷಾರೀಯ. ಅದನ್ನು ಯಾರೂ ಹೊಸದಾಗಿ ‘ಕ್ಷಾರೀಯ ಮಾಡಬೇಕಾಗಿಲ್ಲ’.

ಈ ಮಿತಿ ಎಷ್ಟು ಬಿಗಿ ಎಂದರೆ, ಒಂದು ಲೀಟರ್ ರಕ್ತದಲ್ಲಿ ಆಮ್ಲತೆಗೆ ಕಾರಣವಾದ ಹೈಡ್ರೋಜನ್ ಅಯಾನುಗಳಿಗಿಂತ ಸೋಡಿಯಂ ಅಯಾನುಗಳು ಸುಮಾರು 35 ಲಕ್ಷ ಪಟ್ಟು ಹೆಚ್ಚಿರುತ್ತವೆ. ಅಷ್ಟು ಅಲ್ಪ ಪ್ರಮಾಣದ ಹೈಡ್ರೋಜನ್ ಅಯಾನನ್ನು ದೇಹ ಅಳೆದು ತೂಗಿ ಹಿಡಿದಿಟ್ಟುಕೊಳ್ಳುತ್ತದೆ. ಏಕೆಂದರೆ ಅದು ಹೆಚ್ಚುಕಡಿಮೆಯಾದರೆ ಕಿಣ್ವಗಳ ಆಕಾರ ಬದಲಾಗುತ್ತದೆ, ಹೃದಯದ ಬಡಿತ ಏರುಪೇರಾಗುತ್ತದೆ, ಪೊಟ್ಯಾಸಿಯಂ ಮಟ್ಟ ತಪ್ಪುತ್ತದೆ.

ಹೊಟ್ಟೆಯ ‘ಅಸಿಡಿಟಿ’ ಬೇರೆ, ರಕ್ತದ ಆಮ್ಲತೆ ಬೇರೆ

ಗೊಂದಲ ಹುಟ್ಟುವುದೇ ಈ ಪದದಿಂದ. ನಾಲ್ಕು ಮಿರ್ಚಿ ತಿಂದು ಎದೆ ಉರಿದರೆ, ಹುಳಿತೇಗು ಬಂದರೆ ನಾವು ‘ಅಸಿಡಿಟಿ ಆಗಿದೆ’, ‘ಪಿತ್ತ ಆಗಿದೆ’ ಎನ್ನುತ್ತೇವೆ. ಅದು ಜಠರದ ಆಮ್ಲ ಅನ್ನನಾಳಕ್ಕೆ ಏರಿದ್ದರ ಉರಿ. ಜಠರದೊಳಗೆ ಪಿಎಚ್ ಸಾಮಾನ್ಯವಾಗಿ 1.5ರಿಂದ 3.5 ಇರುತ್ತದೆ, ಇರಲೇಬೇಕು. ಅನ್ನ, ರೊಟ್ಟಿ, ಬೇಳೆಯ ಜೀರ್ಣಕ್ರಿಯೆಗೂ ಆಹಾರದೊಂದಿಗೆ ಬಂದ ರೋಗಾಣುಗಳನ್ನು ಕೊಲ್ಲುವುದಕ್ಕೂ ಆ ಹುಳಿ ಬೇಕು. ಅಲ್ಲಿಂದ ಆಹಾರ ಸಣ್ಣಕರುಳಿಗೆ ಇಳಿದ ಕೂಡಲೇ ಮೇದೋಜೀರಕ ಗ್ರಂಥಿ ಬೈಕಾರ್ಬನೇಟ್ ಸುರಿಸಿ ಹುಳಿಯನ್ನು ತಟಸ್ಥಗೊಳಿಸುತ್ತದೆ.

ಹೀಗಾಗಿ ಎದೆ ಉರಿದರೆ ‘ರಕ್ತ ಆಮ್ಲೀಯವಾಗಿದೆ’ ಎಂದು ಅರ್ಥವಲ್ಲ. ಎರಡಕ್ಕೂ ಹೆಸರು ಮಾತ್ರ ಒಂದೇ.

ದೇಹದ ಮೂರು ಕಾವಲು

ಆಮ್ಲ ಹೊರಗಿನಿಂದ ಬರುವುದಕ್ಕಿಂತ ಒಳಗೇ ಹೆಚ್ಚು ಹುಟ್ಟುತ್ತದೆ. ಉಣ್ಣುವ ಅನ್ನ ಶಕ್ತಿಯಾಗುವಾಗ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಅದು ನೀರಿನಲ್ಲಿ ಕರಗಿದರೆ ಕಾರ್ಬಾನಿಕ್ ಆಮ್ಲ. ವಯಸ್ಕರ ದೇಹದಲ್ಲಿ ದಿನಕ್ಕೆ ಸುಮಾರು 15,000 ಮಿಲಿಮೋಲ್‌ನಷ್ಟು ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಮಿಲಿಮೋಲ್ ಎಂಬುದು ಕಣಗಳನ್ನು ಎಣಿಸುವ ಅಳತೆ, ಡಜನ್ ಇದ್ದ ಹಾಗೆ. ಇದಲ್ಲದೆ ಬೇಳೆ, ಶೇಂಗಾ, ಮೊಟ್ಟೆ, ಮಾಂಸದ ಪ್ರೋಟೀನಿನಲ್ಲಿರುವ ಗಂಧಕದಿಂದ ಗಂಧಕಾಮ್ಲದಂಥ ಆಮ್ಲಗಳೂ ಆಗುತ್ತವೆ. ಇವು ಉಸಿರಿನಲ್ಲಿ ಹೋಗುವಂಥವಲ್ಲ. 60 ಕೆಜಿ ತೂಕದವರಲ್ಲಿ ಇವುಗಳ ಪ್ರಮಾಣ ದಿನಕ್ಕೆ ಸುಮಾರು 60 ಮಿಲಿಮೋಲ್.

ಇದನ್ನೆಲ್ಲ ನಿಭಾಯಿಸಲು ಮೂರು ಹಂತದ ವ್ಯವಸ್ಥೆ ಇದೆ.

ಮೊದಲನೆಯದು ಬಫರ್. ರಕ್ತದಲ್ಲಿ ಸದಾ ಬೈಕಾರ್ಬನೇಟ್ ಇರುತ್ತದೆ, ಲೀಟರಿಗೆ 22ರಿಂದ 26 ಮಿಲಿಮೋಲ್. ಹಿಮೋಗ್ಲೋಬಿನ್ ಮತ್ತು ಇತರ ಪ್ರೋಟೀನುಗಳೂ ಇರುತ್ತವೆ. ಆಮ್ಲ ಬಂದ ಕೂಡಲೇ ಇವು ಹಿಡಿದುಕೊಳ್ಳುತ್ತವೆ. ಇದು ಕ್ಷಣಮಾತ್ರದ ಕೆಲಸ.

ಎರಡನೆಯದು ಉಸಿರು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಏರಿದರೂ ಮಿದುಳಿನ ಬುಡದಲ್ಲಿರುವ ಉಸಿರಾಟದ ಕೇಂದ್ರಕ್ಕೆ ಗೊತ್ತಾಗುತ್ತದೆ. ಅದು ಉಸಿರನ್ನು ಚುರುಕುಗೊಳಿಸಿ ಅನಿಲವನ್ನು ಹೊರಹಾಕಿಸುತ್ತದೆ. ಓಡಿ ಬಸ್ ಹಿಡಿದ ಮೇಲೆ ಏದುಸಿರು ಬರುವುದರ ಹಿಂದೆ ಆಮ್ಲಜನಕದ ಬೇಡಿಕೆ ಮಾತ್ರವಲ್ಲ, ಈ ಆಮ್ಲ ಹೊರಹಾಕುವ ಕೆಲಸವೂ ಇದೆ. ಇದಕ್ಕೆ ಬೇಕಾಗುವುದು ನಿಮಿಷಗಳು.

ಮೂರನೆಯದು ಮೂತ್ರಪಿಂಡ. ನಮ್ಮ ಎರಡು ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಅದರಲ್ಲಿ ಬಹುಪಾಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತವೆ. ಜೊತೆಗೆ ಬೈಕಾರ್ಬನೇಟನ್ನೂ ವಾಪಸ್ ಪಡೆಯುತ್ತವೆ, ಉಸಿರಿನಲ್ಲಿ ಹೋಗದ ಆಮ್ಲವನ್ನು ಅಮೋನಿಯಂ ಮತ್ತು ಫಾಸ್ಫೇಟ್ ರೂಪದಲ್ಲಿ ಮೂತ್ರಕ್ಕೆ ಸೇರಿಸುತ್ತವೆ. ಈ ಕೆಲಸ ಗಂಟೆಗಳಿಂದ ದಿನಗಳವರೆಗೆ ನಡೆಯುತ್ತದೆ.

ಉಸಿರಿನ ಪಾತ್ರ ಎಷ್ಟು ದೊಡ್ಡದು ಎಂಬುದನ್ನು ಜಗತ್ತು ಕಣ್ಣಾರೆ ಕಂಡಿದ್ದು 1952ರಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್‌ನ ಪೋಲಿಯೊ ಸಾಂಕ್ರಾಮಿಕದಲ್ಲಿ. ಉಸಿರಾಟದ ಸ್ನಾಯು ಸೋತ ರೋಗಿಗಳ ರಕ್ತದಲ್ಲಿ ಬೈಕಾರ್ಬನೇಟ್ ಹೆಚ್ಚಿದ್ದುದನ್ನು ನೋಡಿ ಅಲ್ಲಿನ ವೈದ್ಯರು ‘ಕ್ಷಾರ ಹೆಚ್ಚಾಗಿದೆ’ ಎಂದುಕೊಂಡಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅದನ್ನು ಒಪ್ಪಲಿಲ್ಲ. ಇಂಗಾಲದ ಡೈಆಕ್ಸೈಡ್ ಹೊರಹೋಗದೆ ಉಳಿದು ರಕ್ತ ಆಮ್ಲೀಯವಾಗಿದೆ, ಉಸಿರು ಕೊಟ್ಟರೆ ಸರಿಹೋಗುತ್ತದೆ ಎಂದರು. ಗಂಟಲಿಗೆ ನಳಿಕೆ ಹಾಕಿ, ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕುಳಿತು ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಉಸಿರು ಕೊಟ್ಟರು. ಎಷ್ಟೋ ಜೀವಗಳು ಉಳಿದವು. ಇಂದಿನ ಐಸಿಯುಗಳ ಆರಂಭ ಅಲ್ಲಿಂದಲೇ ಎಂದು ವೈದ್ಯಲೋಕ ಗುರುತಿಸುತ್ತದೆ.

ಈಗ ನೀರಿನ ಲೆಕ್ಕ ಹಾಕೋಣ

ಆರ್‌ಒ ನೀರಿನ ಪಿಎಚ್ ಹಲವು ಬಾರಿ 7ಕ್ಕಿಂತ ತುಸು ಕಡಿಮೆ ಇರುತ್ತದೆ. ಇದು ನಿಜ. ಲವಣಗಳು ಹೋದ ನೀರಿಗೆ ಗಾಳಿಯ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಸೇರಿದರೂ ಪಿಎಚ್ ಇಳಿಯುತ್ತದೆ. ಆದರೆ ಅದರಲ್ಲಿರುವ ಆಮ್ಲ ಎಷ್ಟು?

ಪಿಎಚ್ 6 ಇದೆ ಎಂದೇ ಇಟ್ಟುಕೊಳ್ಳಿ. ಅಂಥ ನೀರನ್ನು ದಿನಕ್ಕೆ 3 ಲೀಟರ್ ಕುಡಿದರೆ ದೇಹಕ್ಕೆ ಸೇರುವ ಹೈಡ್ರೋಜನ್ ಅಯಾನು 0.003 ಮಿಲಿಮೋಲ್. ಕಿಡ್ನಿಗಳು ದಿನವೂ ಹೊರಹಾಕುವುದು ಸುಮಾರು 60 ಮಿಲಿಮೋಲ್. ಅಂದರೆ ನೀರಿನಿಂದ ಬಂದದ್ದು ಅದರ 20,000ದಲ್ಲಿ ಒಂದು ಪಾಲು. ಕರಗಿದ ಇಂಗಾಲದ ಡೈಆಕ್ಸೈಡ್ ಇದ್ದರೆ ಅದು ಉಸಿರಿನಲ್ಲಿ ಹೋಗುತ್ತದೆ.

ಕ್ಷಾರೀಯ ನೀರಿನ ಕಥೆಯೂ ಅಷ್ಟೇ. ಪಿಎಚ್ 9 ಇರುವ ಒಂದು ಲೀಟರ್ ನೀರಿನ ಕ್ಷಾರವನ್ನು ಪಿಎಚ್ ಲೆಕ್ಕದಲ್ಲಿ ಅಳಿಸಿಹಾಕಲು ಪಿಎಚ್ 2 ಇರುವ ಜಠರರಸ ಒಂದು ಮಿಲಿಲೀಟರ್ ಸಾಕು. ನೀರಿನಲ್ಲಿ ಬೈಕಾರ್ಬನೇಟ್ ಲವಣಗಳಿದ್ದರೆ ಇನ್ನಷ್ಟು ಬೇಕಾಗಬಹುದು, ಜಠರದಲ್ಲಿ ಅದಕ್ಕೇನೂ ಕೊರತೆಯಿಲ್ಲ.

ಯಂತ್ರ ಮಾರುವವರು ಒಂದು ಪ್ರಯೋಗ ತೋರಿಸುತ್ತಾರೆ. ಎರಡು ಲೋಟದಲ್ಲಿ ನೀರು, ಎರಡಕ್ಕೂ ಕೆಲವು ಹನಿ ಬಣ್ಣದ ದ್ರಾವಣ. ಫಿಲ್ಟರ್ ನೀರು ಹಳದಿಯಾಗುತ್ತದೆ, ಅವರ ಯಂತ್ರದ ನೀರು ನೀಲಿಯಾಗುತ್ತದೆ. ಪ್ರಯೋಗದಲ್ಲಿ ಮೋಸವಿಲ್ಲ. ಅದು ತೋರಿಸುವುದು ಲೋಟದ ನೀರಿನ ಪಿಎಚ್ ಅನ್ನು, ನಿಮ್ಮ ರಕ್ತದ್ದನ್ನಲ್ಲ.

ಲಿಂಬೆರಸದ ವಿಷಯದಲ್ಲಿ ಅರ್ಧ ಸತ್ಯವಿದೆ. ಲಿಂಬೆ ನಾಲಿಗೆಗೆ ಹುಳಿ. ಅದರ ಸಿಟ್ರೇಟ್ ದೇಹದಲ್ಲಿ ಕರಗಿ ಕೊನೆಗೆ ಬೈಕಾರ್ಬನೇಟ್ ಆಗುತ್ತದೆ. ಹಣ್ಣು, ತರಕಾರಿ ಹೆಚ್ಚು ತಿಂದರೆ ಮೂತ್ರದ ಪಿಎಚ್ ಏರುವುದೂ ನಿಜ. ಕಿಡ್ನಿ ಕಲ್ಲಿನ ಕೆಲವು ರೋಗಿಗಳಿಗೆ ವೈದ್ಯರು ಪೊಟ್ಯಾಸಿಯಂ ಸಿಟ್ರೇಟ್ ಕೊಡುವುದೂ ಇದೇ ಆಧಾರದ ಮೇಲೆ. ಆದರೆ ಬದಲಾದದ್ದು ಮೂತ್ರ, ರಕ್ತವಲ್ಲ. ಮೂತ್ರದ ಪಿಎಚ್ 4.5ರಿಂದ 8ರವರೆಗೆ ಏರಿಳಿಯಲು ಸಾಧ್ಯವಾಗಿರುವುದರಿಂದಲೇ ರಕ್ತದ ಪಿಎಚ್ ಅಲುಗಾಡದೆ ನಿಲ್ಲುತ್ತದೆ. ಪಟ್ಟಿ ಅದ್ದಿ ಮೂತ್ರದ ಬಣ್ಣ ನೋಡಿ ‘ನಿಮ್ಮ ದೇಹ ಆಮ್ಲೀಯ’ ಎನ್ನುವವರು ನಿಜದಲ್ಲಿ ತೋರಿಸುತ್ತಿರುವುದು ನಿಮ್ಮ ಕಿಡ್ನಿ ತನ್ನ ಕೆಲಸ ಮಾಡುತ್ತಿದೆ ಎಂಬುದನ್ನು.

ಗದಗ ಸೀಮೆಯ ನೀರಿನಲ್ಲಿ ನೋಡಬೇಕಾದ ಅಂಕಿ ಯಾವುದು?

ಗದಗದಿಂದ ಸುಮಾರು 12 ಕಿ.ಮೀ. ದೂರದ ಲಕ್ಕುಂಡಿ ಹಳೆಯ ಗುಡಿಗಳಿಗೆ ಎಷ್ಟು ಹೆಸರುವಾಸಿಯೋ ಬಾವಿಗಳಿಗೂ ಅಷ್ಟೇ. ಮುಸುಕಿನ ಬಾವಿ, ಕನ್ನೆರ ಬಾವಿ, ಛಬ್ಬೇರ ಬಾವಿಗಳನ್ನು ನೋಡಲು ಜನ ದೂರದಿಂದ ಬರುತ್ತಾರೆ. ನೂರೊಂದು ಗುಡಿ, ನೂರೊಂದು ಬಾವಿ ಎಂಬ ಮಾತು ಊರಲ್ಲಿದೆ. ಮೆಟ್ಟಿಲಿಳಿದು ನೀರು ತರುತ್ತಿದ್ದ ಆ ಬಾವಿಗಳು ಮಳೆನೀರು ಇಂಗಿ ತುಂಬುವ, ಆಳ ಕಡಿಮೆಯಿರುವ ಬಾವಿಗಳು. ಇಂದಿನ ಬೋರ್‌ವೆಲ್‌ಗಳು ನೂರಾರು ಅಡಿ ಕೆಳಗಿನ ಬಂಡೆಯ ಬಿರುಕುಗಳಿಂದ ನೀರೆತ್ತುತ್ತವೆ. ಆ ನೀರು ಬಂಡೆಯ ಜೊತೆ ಬಹುಕಾಲ ಇದ್ದು ಅದರ ಖನಿಜಗಳನ್ನು ಕರಗಿಸಿಕೊಂಡಿರುತ್ತದೆ. ಅವುಗಳಲ್ಲಿ ಮುಖ್ಯವಾದದ್ದು ಫ್ಲೋರೈಡ್.

ಗದಗ ಜಿಲ್ಲೆ, ಅದರಲ್ಲೂ ಮುಂಡರಗಿ ಭಾಗ, ಅಂತರ್ಜಲದ ಫ್ಲೋರೈಡ್ ಸಮಸ್ಯೆಗೆ ಬಹುಕಾಲದಿಂದ ಗುರುತಾಗಿದೆ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡದಂತೆ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಬಹುದಾದ ಮಿತಿ. ಬೇರೆ ನೀರಿನ ಮೂಲ ಇಲ್ಲದಿದ್ದರೆ ಗರಿಷ್ಠ 1.5 ಮಿಲಿಗ್ರಾಂ. ಇದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ, ಹಲ್ಲು ಮೂಡುವ ವಯಸ್ಸಿನ ಮಕ್ಕಳ ಹಲ್ಲಿನ ಮೇಲೆ ಬಿಳಿ, ಕಂದು ಕಲೆಗಳು ಉಳಿಯುತ್ತವೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಮೂಳೆ, ಕೀಲು ಬಿಗಿದು ಬೆನ್ನು ಬಾಗುವವರೆಗೂ ಹೋಗಬಹುದು.

ಫಾರ್ವರ್ಡ್ ಸಂದೇಶ ಹೇಳದ ವಿಷಯ ಇಲ್ಲಿದೆ. ಫ್ಲೋರೈಡ್ ಹೆಚ್ಚಿರುವ ಅಂತರ್ಜಲ ಸಾಮಾನ್ಯವಾಗಿ ಬೈಕಾರ್ಬನೇಟ್ ತುಂಬಿದ ಕ್ಷಾರೀಯ ನೀರೇ ಆಗಿರುತ್ತದೆ. ಕ್ಷಾರೀಯ ನೀರು ಬಂಡೆಯಿಂದ ಫ್ಲೋರೈಡನ್ನು ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ‘ಕ್ಷಾರೀಯವಾದರೆ ಒಳ್ಳೆಯದು’ ಎಂಬ ಒಂದೇ ಅಳತೆಗೋಲು ಹಿಡಿದು ಹೊರಟರೆ, ಘಟಕದ ನೀರಿಗಿಂತ ಫ್ಲೋರೈಡ್ ತುಂಬಿದ ಬೋರ್ ನೀರೇ ಮೇಲು ಎಂದಾಗಿಬಿಡುತ್ತದೆ!

ಆರ್‌ಒ ಪೊರೆ ಸರಿಯಾಗಿದ್ದರೆ ಫ್ಲೋರೈಡಿನ ಬಹುಭಾಗವನ್ನು ತೆಗೆಯುತ್ತದೆ. ಅದರ ಜೊತೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಕಡಿಮೆಯಾಗುತ್ತವೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಇವು ನಮಗೆ ಹೆಚ್ಚಾಗಿ ಸಿಗುವುದು ಹಾಲು, ಮೊಸರು, ಸೊಪ್ಪು, ಕಾಳು, ಜೋಳ, ಎಳ್ಳಿನಿಂದ. ಫ್ಲೋರೈಡ್ ಕಾಟವಿರುವ ಊರಿನಲ್ಲಿ ಈ ವಿನಿಮಯ ಲಾಭದ್ದೇ. ತುಂಗಭದ್ರಾ ನದಿಯ ನೀರು ನಲ್ಲಿಗೆ ಬರುವ ಊರುಗಳಲ್ಲಿ, ಶುದ್ಧೀಕರಿಸಿ ಕೊಡುವ ಆ ನೀರು ಇನ್ನೂ ಒಳ್ಳೆಯ ಆಯ್ಕೆ.

ಮೂರು ಮಾತು ನೆನಪಿಡಿ:

• ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಲಿಂಬೆ, ಸೋಡಾ, ತಾಮ್ರದ ಬಿಂದಿಗೆಯಿಂದಲೂ ಹೋಗುವುದಿಲ್ಲ.

• ಸವಳು ನೀರು, ಸಿಹಿ ನೀರು ಎಂದು ನಾಲಿಗೆ ಹೇಳಬಲ್ಲದು. ಫ್ಲೋರೈಡಿಗೆ ರುಚಿಯಿಲ್ಲ, ಬಣ್ಣವಿಲ್ಲ. ಪರೀಕ್ಷೆಯೊಂದೇ ದಾರಿ.

• ಕುಡಿಯುವ ನೀರಿಗೆ ಪಿಎಚ್ 6.5ರಿಂದ 8.5 ಇರಬೇಕು ಎಂಬ ಮಾನದಂಡವಿದೆ. ಅದು ಪೈಪು ತುಕ್ಕು ಹಿಡಿಯದಿರಲಿ, ಲೋಹ ಕರಗದಿರಲಿ, ರುಚಿ ಕೆಡದಿರಲಿ, ಕ್ಲೋರಿನ್ ಸರಿಯಾಗಿ ಕೆಲಸ ಮಾಡಲಿ ಎಂಬ ಕಾರಣಕ್ಕೆ. ರಕ್ತಕ್ಕೂ ಅದಕ್ಕೂ ಸಂಬಂಧವಿಲ್ಲ.

ಜಲಜೀವನ್ ಮಿಷನ್ ಅಡಿ ಹಳ್ಳಿಯ ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ಕೊಡಲಾಗಿದೆ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಘಟಕದ ನೀರನ್ನೂ ಪರೀಕ್ಷೆ ಮಾಡಿಸಿ, ಪೊರೆ ಬದಲಿಸಿದ್ದು ಯಾವಾಗ ಎಂದು ಕೇಳಿ. ಫಿಲ್ಟರ್ ನೀರಿನ ಬಗ್ಗೆ ಕೇಳಬೇಕಾದ ಪ್ರಶ್ನೆ ಇದು.

‘ಆಮ್ಲೀಯ ದೇಹದಿಂದ ಕ್ಯಾನ್ಸರ್’: ನೊಬೆಲ್ ವಿಜ್ಞಾನಿ ಹೇಳಿದ್ದೇನು?

ಫೋಟೊದಲ್ಲಿರುವವರು ಜರ್ಮನಿಯ ಓಟೊ ವಾರ್‌ಬರ್ಗ್. ಅವರಿಗೆ 1931ರಲ್ಲಿ ನೊಬೆಲ್ ಬಂದದ್ದು ಜೀವಕೋಶಗಳ ಉಸಿರಾಟದ ಕಿಣ್ವದ ಸ್ವರೂಪ ಮತ್ತು ಕಾರ್ಯವಿಧಾನ ಕಂಡುಹಿಡಿದದ್ದಕ್ಕೆ, ‘ಆಮ್ಲದಿಂದ ಕ್ಯಾನ್ಸರ್’ ಎಂದದ್ದಕ್ಕಲ್ಲ. ಕ್ಯಾನ್ಸರ್ ಕೋಶಗಳು ಆಮ್ಲಜನಕ ಇದ್ದಾಗಲೂ ಸಕ್ಕರೆಯನ್ನು ಹುದುಗಿಸಿ ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ ಎಂದು ಅವರು ಗಮನಿಸಿದ್ದು ನಿಜ. ಅಂದರೆ ಗಡ್ಡೆಯ ಸುತ್ತಲಿನ ಹುಳಿಯನ್ನು ಗಡ್ಡೆಯೇ ಉಂಟುಮಾಡುತ್ತದೆ. ರಕ್ತ ಹುಳಿಯಾಗಿ ಗಡ್ಡೆ ಹುಟ್ಟುವುದಲ್ಲ. ಕುಡಿದ ನೀರು ಅಲ್ಲಿಯ ಪಿಎಚ್ ಬದಲಿಸಲಾರದು.

ಈ ನಂಬಿಕೆಯ ಬೆಲೆ ದೊಡ್ಡದು. ‘ಕ್ಷಾರೀಯ ಆಹಾರ’ದ ಪುಸ್ತಕಗಳಿಂದ ಹೆಸರಾದ ಅಮೆರಿಕದ ರಾಬರ್ಟ್ ಯಂಗ್ 2016ರಲ್ಲಿ ಪರವಾನಗಿ ಇಲ್ಲದೆ ವೈದ್ಯವೃತ್ತಿ ನಡೆಸಿದ ಅಪರಾಧಿ ಎಂದು ಸಾಬೀತಾಯಿತು. ಅವರ ಮಾತು ನಂಬಿ ಸ್ತನ ಕ್ಯಾನ್ಸರಿನ ಚಿಕಿತ್ಸೆ ಬಿಟ್ಟಿದ್ದ ಮಹಿಳೆಯೊಬ್ಬರಿಗೆ 10.5 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು 2018ರಲ್ಲಿ ಅಲ್ಲಿನ ನ್ಯಾಯಮಂಡಳಿ ತೀರ್ಪಿತ್ತಿತು. ಹಣ ಸಿಗಬಹುದು, ಆದರೆ ಕ್ಯಾನ್ಸರಿನಲ್ಲಿ ಕಳೆದುಹೋದ ತಿಂಗಳುಗಳು ವಾಪಸ್ ಬರುವುದಿಲ್ಲ. ಗಂಟು ಕಂಡರೆ ಹುಬ್ಬಳ್ಳಿಗಾಗಲಿ, ಬೆಂಗಳೂರಿನ ಕಿದ್ವಾಯಿಗಾಗಲಿ ಹೋಗಿ ತೋರಿಸಿ. ಮೊದಲು ಸೋಡಾ ನೀರು ನೋಡೋಣ ಎಂದು ಕಾಯಬೇಡಿ.

ಅಡುಗೆ ಸೋಡಾ ನಿರುಪದ್ರವಿಯೇ?

ಬಜ್ಜಿ ಹಿಟ್ಟಿಗೆ ಹಾಕುವ ಚಿಟಿಕೆ ಸೋಡಾದ ಮಾತು ಬೇರೆ, ದಿನವೂ ಔಷಧಿಯಂತೆ ಕುಡಿಯುವುದು ಬೇರೆ. ಒಂದು ಟೀ ಚಮಚ ಸೋಡಾದಲ್ಲಿ ಸುಮಾರು 1.3 ಗ್ರಾಂ ಸೋಡಿಯಂ ಇರುತ್ತದೆ. ಇಡೀ ದಿನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿಯೇ 2 ಗ್ರಾಂ. ಬಿಪಿ, ಹೃದಯದ ತೊಂದರೆ ಇರುವವರಿಗೆ, ಕಾಲು ಊದುವವರಿಗೆ ಇದು ಅಪಾಯ. ಅತಿಯಾದರೆ ರಕ್ತ ನಿಜಕ್ಕೂ ಕ್ಷಾರೀಯವಾಗಿ ಪೊಟ್ಯಾಸಿಯಂ ಕುಸಿಯಬಹುದು, ಸ್ನಾಯು ಸೆಳೆತ, ಹೃದಯ ಬಡಿತದ ಏರುಪೇರು ಆಗಬಹುದು. ಕಿಡ್ನಿ ಸೋತ ಕೆಲವರಿಗೆ ವೈದ್ಯರು ಸೋಡಿಯಂ ಬೈಕಾರ್ಬನೇಟ್ ಮಾತ್ರೆ ಕೊಡುತ್ತಾರೆ, ನಿಜ. ಅದು ರಕ್ತ ಪರೀಕ್ಷೆ ಮಾಡಿ, ಅಳೆದು ಕೊಡುವ ಔಷಧಿ.

ಸಮತೋಲನ ನಿಜವಾಗಿ ತಪ್ಪುವುದು ಯಾವಾಗ?

• ಸಕ್ಕರೆ ಕಾಯಿಲೆ ಹತೋಟಿ ತಪ್ಪಿದಾಗ. ಇನ್ಸುಲಿನ್ ಸಾಲದೆ ದೇಹ ಕೊಬ್ಬು ಕರಗಿಸಿ ಕೀಟೋನ್ ಆಮ್ಲ ತುಂಬಿಕೊಳ್ಳುತ್ತದೆ. ವಾಂತಿ, ಹೊಟ್ಟೆನೋವು, ವಿಪರೀತ ಬಾಯಾರಿಕೆ, ಆಳವಾದ ಜೋರು ಉಸಿರು, ಬಾಯಿಂದ ಕೊಳೆತ ಹಣ್ಣಿನ ವಾಸನೆ ಇದರ ಗುರುತು. ಮಕ್ಕಳಲ್ಲಿ ಮಧುಮೇಹ ಮೊದಲ ಬಾರಿಗೆ ಗೊತ್ತಾಗುವುದೇ ಹೀಗೆ ಆಗಿರಬಹುದು.

• ವಾಂತಿಭೇದಿಯಲ್ಲಿ. ಭೇದಿಯ ಜೊತೆ ಬೈಕಾರ್ಬನೇಟ್ ಹರಿದುಹೋಗಿ ರಕ್ತ ಆಮ್ಲೀಯವಾಗುತ್ತದೆ. ಬರೀ ವಾಂತಿಯೇ ಹೆಚ್ಚಾದರೆ ಜಠರದ ಆಮ್ಲ ಹೋಗಿ ತದ್ವಿರುದ್ಧ ಆಗುತ್ತದೆ.

• ಕಿಡ್ನಿ ಸೋತಾಗ, ರಕ್ತಕ್ಕೆ ಸೋಂಕು ಹರಡಿದಾಗ, ಶ್ವಾಸಕೋಶದ ಹಳೆಯ ಕಾಯಿಲೆ ಉಲ್ಬಣಿಸಿ ಉಸಿರು ಸಾಲದಾದಾಗ.

ಇಂಥ ಸ್ಥಿತಿಯಲ್ಲಿ ಆಸ್ಪತ್ರೆಯವರು ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ಎಬಿಜಿ ಎಂಬ ಪರೀಕ್ಷೆ ಮಾಡುತ್ತಾರೆ. ರಕ್ತದ ಪಿಎಚ್ ತಿಳಿಯುವುದು ಇಂಥ ಪರೀಕ್ಷೆಯಿಂದ. ಬಣ್ಣದ ಹನಿ, ಮೂತ್ರದ ಪಟ್ಟಿ, ಎಂಜಲಿನ ಪಟ್ಟಿಯಿಂದ ಅಲ್ಲ.

ಭೇದಿಗೆ ಮನೆಯಲ್ಲೇ ಕೊಡಬಹುದಾದ, ಸಾಬೀತಾದ ಪಾನೀಯವೂ ಒಂದಿದೆ. ಅದು ಓಆರ್‌ಎಸ್. ಒಂದು ಲೀಟರಿನ ಪೊಟ್ಟಣದಲ್ಲಿ ಉಪ್ಪು, ಗ್ಲೂಕೋಸ್, ಪೊಟ್ಯಾಸಿಯಂ ಜೊತೆ 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇರುತ್ತದೆ. ಅದನ್ನು ಸೇರಿಸಿರುವುದೇ ಭೇದಿಯಿಂದ ಬರುವ ಆಮ್ಲತೆಯನ್ನು ಸರಿಪಡಿಸಲು. ಆಶಾ ಕಾರ್ಯಕರ್ತೆಯ ಬಳಿ ಉಚಿತವಾಗಿ ಸಿಗುವ ಈ ಪೊಟ್ಟಣ ಮಾಡುವ ಕೆಲಸವನ್ನು ದುಬಾರಿ ಯಂತ್ರ ಮಾಡಲಾರದು.

ಮೇಲೆ ಹೇಳಿದ ಜೋರು ಉಸಿರು, ಮಂಪರು, ನಿಲ್ಲದ ವಾಂತಿ ಕಂಡರೆ 108ಕ್ಕೆ ಕರೆ ಮಾಡಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಇನ್ಸುಲಿನ್ ಅಥವಾ ಮಾತ್ರೆಯನ್ನು ಯಾವ ಸಂದೇಶ ಓದಿಯೂ ನಿಲ್ಲಿಸಬೇಡಿ.

ನಮ್ಮ ತೀರ್ಮಾನ

ಆರ್‌ಒ ನೀರಿನಿಂದ ರಕ್ತ ಆಮ್ಲೀಯವಾಗುತ್ತದೆ ಎಂಬುದು ಸುಳ್ಳು. ಕ್ಷಾರೀಯ ನೀರಿನಿಂದ ಕ್ಯಾನ್ಸರ್, ಮಧುಮೇಹ ವಾಸಿಯಾಗುತ್ತದೆ ಎಂಬುದೂ ಸುಳ್ಳು. ಹಣ್ಣು, ತರಕಾರಿ ತಿನ್ನಿ ಎಂಬ ಸಲಹೆ ಒಳ್ಳೆಯದು, ಕಾರಣ ಮಾತ್ರ ತಪ್ಪು.

ಈ ಸಂದೇಶ ನಿಮ್ಮ ಗುಂಪಿಗೆ ಬಂದರೆ ಕಳಿಸಿದವರ ಜೊತೆ ಜಗಳ ಬೇಡ. ಅವರೂ ಒಳ್ಳೆಯ ಮನಸ್ಸಿನಿಂದಲೇ ಕಳಿಸಿರುತ್ತಾರೆ. ಒಂದು ಪ್ರಶ್ನೆ ಕೇಳಿ: “ನಮ್ಮೂರ ನೀರಿನ ಫ್ಲೋರೈಡ್ ಎಷ್ಟಿದೆ, ಕೊನೆಯ ಪರೀಕ್ಷೆ ಯಾವಾಗ ಆಗಿತ್ತು?” ಫಾರ್ವರ್ಡ್ ಮಾಡುವುದಾದರೆ ಆ ಪ್ರಶ್ನೆಯನ್ನು ಮಾಡಿ.